ಟೀಚರಜ್ಜಿ ಬಗ್ಗೆ ಏನಂತ ಬರೆಯೋದು?

ಈ ಸಲ ಬಂದಿರೋ ಓದುಗರ ಪ್ರಶ್ನೆಗಳಲ್ಲಿ ಒಂದಷ್ಟು ಒಂದೇ ವಿಷಯದ ಸುತ್ತ ಇದ್ವು, ಟೀಚರಾಗಿದ್ದು ರಿಟೈರ್ ಆಗಿ, ಇಡೀ ಮನೆತನಕ್ಕೆ ಹಿರಿಯರಾಗಿದ್ದೋರು ಹೋದ ಮೇಲೆ ಅವರನ್ನ ಹೇಗೆ ನೆನಪಲ್ಲಿ ಇಟ್ಕೊಳ್ಳೋದು ಅಂತ. ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಪೂರ್ತಿ ಜಾಗ ಇವಕ್ಕೇ ಕೊಟ್ಟಿದೀನಿ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳಿದ್ರು, ಯಾರದ್ದೂ ಹಾಕಿಲ್ಲ.

ಪ್ರಶ್ನೆ: ನಮ್ಮಜ್ಜಿ ಪ್ರೈಮರಿ ಸ್ಕೂಲ್ ಟೀಚರಾಗಿದ್ದು ರಿಟೈರ್ ಆದೋರು, ಹೋದ ತಿಂಗಳು ತೀರ್ಕೊಂಡ್ರು. ಮನೆಯೋರೆಲ್ಲ ಸೇರಿ ಅವರ ನೆನಪಿಗೆ ಒಂದು ಚಿಕ್ಕ ಪುಸ್ತಕ ಮಾಡೋಣ ಅಂತ ಹೊರಟಿದಾರೆ, ನೀನು ಚೆನ್ನಾಗಿ ಬರೀತೀಯ ಅಂತ ನನ್ನ ತಲೆಗೆ ಕಟ್ಟಿದಾರೆ. ಕೂತ್ರೆ ಮಮತಾಮಯಿ, ತ್ಯಾಗಮಯಿ, ಆದರ್ಶ ಶಿಕ್ಷಕಿ ಇಷ್ಟೇ ಬರುತ್ತೆ, ಆಮೇಲೆ ಪೆನ್ನು ಮುಂದಕ್ಕೇ ಹೋಗಲ್ಲ. – ಮೊಮ್ಮಗಳು

ಉತ್ತರ: ಮೊದಲು ಆ ಮೂರು ಪದ ಹೊಡೆದು ಹಾಕಮ್ಮ. ಅವು ಸುಳ್ಳು ಅಂತಲ್ಲ, ಯಾರ ಅಜ್ಜಿಗೆ ಬೇಕಾದ್ರೂ ಹೊಂದುತ್ವೆ, ಅದೇ ತೊಂದರೆ. ಬರೆದ ಪ್ಯಾರಾದಲ್ಲಿ ಅಜ್ಜಿ ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿ ಓದಿ ನೋಡು, ಪಕ್ಕದ ಮನೆ ಅಜ್ಜಿ ಬಗ್ಗೆ ಅಂದ್ರೂ ನಡೆಯುತ್ತೆ ಅನ್ಸಿದ್ರೆ ಆ ಪ್ಯಾರಾ ಇದ್ದೂ ಒಂದೇ ಇಲ್ದಿದ್ರೂ ಒಂದೇ.

ಹೇಗಿದ್ರು ಅನ್ನೋದನ್ನ ಬಿಟ್ಟು ಏನ್ ಮಾಡ್ತಿದ್ರು ಅನ್ನೋದನ್ನ ಬರಿ. ಟೀಚರ್ ಕೆಲಸ ಮೈಗೆ ಹತ್ಕೊಂಡ್ಬಿಡುತ್ತೆ, ರಿಟೈರ್ ಆದ್ರೂ ಬಿಡಲ್ಲ. ಬೋರ್ಡ್ ಮೇಲೆ ಬರೆಯುವಾಗ ಕ್ಲಾಸಿಗೆ ಪೂರ್ತಿ ಬೆನ್ನು ಹಾಕಬಾರ್ದು ಅಂತ ಅಡ್ಡಕ್ಕೆ ನಿಂತು, ಅರ್ಧ ಮುಖ ಮಕ್ಕಳ ಕಡೆ ಇಟ್ಕೊಂಡು ಬರೆಯೋ ಅಭ್ಯಾಸ ಹಳೇ ಟೀಚರ್‌ಗಳಿಗೆ ಇರುತ್ತೆ, ನಿಮ್ಮಜ್ಜಿ ಮನೇಲಿ ಗೋಡೆ ಕ್ಯಾಲೆಂಡರ್ ಮೇಲೆ ಒಂದು ತಾರೀಖಿಗೆ ಸುತ್ತು ಹಾಕುವಾಗ್ಲೂ ಹಾಗೇ ನಿಲ್ತಿದ್ರಾ? ಹೊಸ ಚಾಕ್‌ಪೀಸ್ ಕೈಗೆ ಬಂದ್ರೆ ಮೊದಲು ಲಟಕ್ ಅಂತ ಎರಡು ತುಂಡು ಮಾಡೋರು ಎಷ್ಟೋ ಜನ ಇದ್ದಾರೆ, ಯಾಕಂದ್ರೆ ಉದ್ದದ ಚಾಕ್ ಬೋರ್ಡಿಗೆ ಕಚ್ಕೊಂಡು ಜಾರಿ, ಮತ್ತೆ ಕಚ್ಕೊಂಡು ಜಾರಿ, ನಡುಗಿ ಕಿರ್ರ್ ಅನ್ನುತ್ತೆ, ತುಂಡು ಮಾಡಿದ್ರೆ ಅದು ಕಮ್ಮಿ ಆಗುತ್ತೆ. ಇಂಥದ್ದೇನಾದ್ರೂ ಒಂದು ನಿಮ್ಮಜ್ಜಿ ಕೈಯಲ್ಲಿ ಉಳಿದಿತ್ತಾ? ಪೆನ್ಸಿಲ್ ಕೊಟ್ಟರೆ ಮೊದಲು ತುದಿ ನೋಡ್ತಿದ್ರಾ? ಮೊಮ್ಮಕ್ಕಳು ಬರೆದ ಪತ್ರ ಓದಿ ಮುಗಿಸಿ, ಖುಷಿ ಪಟ್ಟು, ಆಮೇಲೆ ಅದರಲ್ಲಿರೋ ಒತ್ತಕ್ಷರದ ತಪ್ಪು ತಿದ್ದಿ ವಾಪಸ್ ಕೊಡ್ತಿದ್ರಾ? ಒಂದು ಸಿಕ್ಕಿದ್ರೆ ಸಾಕು, ಅದನ್ನೇ ಸಾವಕಾಶವಾಗಿ ಬರಿ, ಆಮೇಲೆ ಮಮತಾಮಯಿ ಅಂತ ನೀನು ಹೇಳೋದೇ ಬೇಕಾಗಲ್ಲ.

ದನಿ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಅಜ್ಜಿ ಗಂಟಲು ಒಡಕಾಗಿತ್ತು, ಮನೇಲಿ ಮಾತಾಡಿದ್ರೂ ಹಿಂದಿನ ಬೆಂಚಿಗೆ ಕೇಳೋ ಹಾಗೆ ಮಾತಾಡೋರು ಅಂತ ಬಹಳ ಮನೆಗಳಲ್ಲಿ ತಮಾಷೆ ಮಾಡ್ತಾರೆ, ವಯಸ್ಸಾಯ್ತು ಕಿವಿ ಮಂದ ಅಂದ್ಕೊಂಡು ಸುಮ್ನಾಗ್ತಾರೆ. ಅಮೆರಿಕದ ಅಯೋವಾ, ಯೂಟಾ ರಾಜ್ಯಗಳಲ್ಲಿ ಸಾವಿರಕ್ಕೂ ಹೆಚ್ಚು ಟೀಚರ್‌ಗಳನ್ನೂ ಹೆಚ್ಚುಕಮ್ಮಿ ಅಷ್ಟೇ ಜನ ಬೇರೆ ಕೆಲಸದೋರನ್ನೂ ವಿಚಾರಿಸಿ 2004ರಲ್ಲಿ ಪ್ರಕಟ ಮಾಡಿದ ಸಮೀಕ್ಷೇಲಿ, ಆ ಹೊತ್ತಿಗೆ ದನಿ ತೊಂದರೆ ಇದ್ದೋರು ಟೀಚರ್‌ಗಳಲ್ಲಿ ಶೇಕಡಾ 11, ಬೇರೆಯೋರಲ್ಲಿ ಶೇಕಡಾ 6.2. ಅಂದ್ರೆ ಆ ಒಡಕು ದನಿ ಬರೀ ವಯಸ್ಸಿನದ್ದೇ ಆಗಿರ್ಬೇಕು ಅಂತಿಲ್ಲ, ನೂರಾರು ಮಕ್ಕಳಿಗೆ ಮಗ್ಗಿ ಹೇಳ್ಕೊಟ್ಟಿದ್ದೂ ಅದರಲ್ಲಿ ಸೇರಿರಬಹುದು. ದಿನವಿಡೀ ನಿಂತು ನಿಂತು ಊದಿದ ಕಾಲು ಇದ್ರೆ ಅದನ್ನೂ ಬರಿ. ಹುಟ್ಟಿದ ತಾರೀಖು, ಕೆಲಸಕ್ಕೆ ಸೇರಿದ್ದು, ರಿಟೈರ್ ಆಗಿದ್ದು ಇವನ್ನೆಲ್ಲ ಕೊನೇ ಪುಟದಲ್ಲಿ ಒಂದು ಬಾಕ್ಸ್ ಮಾಡಿ ಹಾಕ್ಬಿಡು, ಅವುಗಳಿಂದ ಬರವಣಿಗೆ ಶುರು ಮಾಡಿದ್ರೆ ಸರ್ವಿಸ್ ರಿಜಿಸ್ಟರ್ ಓದಿದ ಹಾಗಾಗುತ್ತೆ.

ಇನ್ನೊಂದು, ಇದು ಎಲ್ಲಕ್ಕಿಂತ ಮುಖ್ಯ. ಟೀಚರ್ ಬದುಕಿನ ಅರ್ಧ ಮನೆಯೋರ ಹತ್ರ ಇರೋದೇ ಇಲ್ಲ. ವರ್ಷಕ್ಕೆ 40 ಮಕ್ಕಳು ಅಂತ ಇಟ್ಕೊಂಡ್ರೂ 30 ವರ್ಷಕ್ಕೆ 1,200 ಜನ, ಅವರಲ್ಲಿ ಒಬ್ಬೊಬ್ಬರೂ ಇಡೀ ಒಂದು ವರ್ಷ ಅಜ್ಜಿ ಮುಖ ನೋಡ್ಕೊಂಡು ಕೂತಿದ್ದೋರು, ಮನೆಯೋರು ಯಾವತ್ತೂ ಕಾಣದ ಅಜ್ಜಿನ ಕಂಡಿದ್ದೋರು. ಮನೇಲಿ ಗಂಭೀರವಾಗಿದ್ದೋರು ಕ್ಲಾಸಲ್ಲಿ ಕಥೆ ಹೇಳುವಾಗ ಹುಲಿ ತರ ಗರ್ಜಿಸ್ತಿದ್ರು ಅಂತ ಶಿಷ್ಯರ ಬಾಯಲ್ಲಿ ಮೊದಲ ಸಲ ಕೇಳಿ ಸ್ವಂತ ಮಗನೇ ತಬ್ಬಿಬ್ಬಾಗಿದ್ದು ನಾನೇ ನೋಡಿದೀನಿ. ಪುಸ್ತಕದ ಅರ್ಧ ಪುಟ ಅವರಿಗೆ ಬಿಡು. ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪ್ ಒಂದಾದ್ರೂ ಇದ್ದೇ ಇರುತ್ತೆ, ಅದರಲ್ಲಿ "ಟೀಚರ್ ಬಗ್ಗೆ ನಿಮ್ಮ ಅನಿಸಿಕೆ ಬರೀರಿ" ಅಂತ ಹಾಕಿದ್ಯೋ ಮತ್ತೆ ಆದರ್ಶ ಶಿಕ್ಷಕಿನೇ ಬರ್ತಾರೆ, "ಟೀಚರ್ ಕ್ಲಾಸಲ್ಲಿ ನಡೆದ ಒಂದೇ ಒಂದು ಘಟನೆ, ಹತ್ತು ಸಾಲಲ್ಲಿ" ಅಂತ ಕೇಳು.

ಪ್ರಶ್ನೆ: ಅಮ್ಮನ ಬಗ್ಗೆ ಅವರ ತಂಗಿ, ಜೊತೆ ಕೆಲಸ ಮಾಡಿದೋರು ಇವರನ್ನೆಲ್ಲ ಮಾತಾಡಿಸಿ ರೆಕಾರ್ಡ್ ಮಾಡ್ಬೇಕು ಅಂತ ಹೊರಟೆ. ಯಾರನ್ನ ಕೇಳಿದ್ರೂ "ಒಳ್ಳೇವ್ರು ಕಣಪ್ಪ, ಇನ್ನೇನ್ ಹೇಳ್ಲಿ" ಅಂತ ಸುಮ್ನಾಗ್ತಾರೆ. – ಒಬ್ಬ ಮಗ

ಉತ್ತರ: ನೀವು "ಅಮ್ಮ ಹೇಗಿದ್ರು" ಅಂತ ಕೇಳ್ತಿರ್ಬೇಕು, ಅದಕ್ಕೆ ಇನ್ನೇನು ಉತ್ತರ ಬರುತ್ತೆ ಹೇಳಿ. "ಸ್ಕೂಲಿಂದ ಬಂದ ತಕ್ಷಣ ಮೊದಲು ಏನ್ ಮಾಡೋರು", "ನಿಮ್ಮಿಬ್ಬರಿಗೂ ಕೊನೇ ಸಲ ಜಗಳ ಆಗಿದ್ದು ಯಾವುದಕ್ಕೆ", "ಸ್ಟಾಫ್ ರೂಮಲ್ಲಿ ಎಲ್ಲಿ ಕೂರೋರು, ಪಕ್ಕದಲ್ಲಿ ಯಾರು" ಅಂತ ಕೇಳಿ ನೋಡಿ, ಬಾಯಿ ತಾನಾಗೇ ಬಿಚ್ಕೊಳ್ಳುತ್ತೆ. ಕೈಗೆ ಒಂದು ಹಳೇ ಫೋಟೋ ಕೊಟ್ಟು ಸುಮ್ನೆ ಕೂತ್ರೂ ಆಯ್ತು, ಫೋಟೋದಲ್ಲಿ ಇರೋರಿಗಿಂತ ಇಲ್ಲದೋರ ಕಥೆ ಜಾಸ್ತಿ ಬರುತ್ತೆ.

ವಯಸ್ಸಾದೋರಿಗೆ ಹೆಚ್ಚುಕಮ್ಮಿ 10ರಿಂದ 30ನೇ ವಯಸ್ಸಿನ ಒಳಗಿನ ನೆನಪುಗಳು ಬೇರೆ ವರ್ಷಗಳಿಗಿಂತ ದಟ್ಟವಾಗಿ ಉಳಿದಿರುತ್ವೆ ಅಂತ ನೆನಪಿನ ಬಗ್ಗೆ ಸಂಶೋಧನೆ ಮಾಡೋರು ಮತ್ತೆ ಮತ್ತೆ ಕಂಡ್ಕೊಂಡಿದಾರೆ. ಹಾಗಾಗಿ ಚಿಕ್ಕಮ್ಮನ ಹತ್ರ ಹೋದ್ರೆ ಅಮ್ಮನ ಕೊನೇ ದಿನಗಳನ್ನ ಕೇಳೋಕೆ ಹೋಗ್ಬೇಡಿ, ಅದು ನಿಮಗೇ ಗೊತ್ತು. ಅಮ್ಮ ಓದ್ಬೇಕು ಅಂದಾಗ ಮನೇಲಿ ಯಾರು ಹೂಂ ಅಂದ್ರು ಯಾರು ಊಹೂಂ ಅಂದ್ರು, ಮೊದಲನೇ ಸಂಬಳ ಯಾರ ಕೈಗೆ ಕೊಟ್ರು, ಮೊದಲ ದಿನ ಕ್ಲಾಸಿಂದ ಬಂದು ಏನಂದ್ರು, ಇದೆಲ್ಲ ಚಿಕ್ಕಮ್ಮ ಒಬ್ಬರಿಗೇ ಗೊತ್ತಿರೋದು, ಅವರೂ ಹೋದ್ರೆ ಆಮೇಲೆ ಕೇಳೋಕೆ ಯಾರೂ ಇಲ್ಲ, ಈ ವಾರನೇ ಹೋಗಿ.

ರೆಕಾರ್ಡಿಂಗಿಗೆ ಮೊಬೈಲೇ ಸಾಕು. ಏರೋಪ್ಲೇನ್ ಮೋಡಿಗೆ ಹಾಕಿ, ಬರೀ ಮೇಜಿನ ಮೇಲೆ ಇಡದೆ ಮಡಚಿದ ಬಟ್ಟೆ ಮೇಲೆ ಮಾತಾಡೋರ ಹತ್ರ ಇಡಿ, ಫ್ಯಾನ್ ಆಫ್ ಮಾಡಿ, ಶುರುವಲ್ಲೇ ಯಾರು, ಯಾವತ್ತು, ಯಾರ ಬಗ್ಗೆ ಅಂತ ಒಂದು ಸಾಲು ನೀವೇ ಹೇಳಿ. ಅಮೆರಿಕದಲ್ಲಿ 2003ರಲ್ಲಿ ಶುರುವಾದ ಸ್ಟೋರಿಕಾರ್ಪ್ಸ್ ಅಂತ ಒಂದು ಸಂಸ್ಥೆ ಇದೆ, ಸಾಮಾನ್ಯ ಜನ ತಮ್ಮೋರನ್ನ ಕೂರಿಸಿ ಮಾತಾಡಿಸಿದ್ದನ್ನ ರೆಕಾರ್ಡ್ ಮಾಡಿ ಇಡೋದೇ ಅವರ ಕೆಲಸ, ಅವರು ಒಂದು ಮಾತುಕತೆಗೆ ಇಟ್ಕೊಂಡಿದ್ದು 40 ನಿಮಿಷ. ವಯಸ್ಸಾದೋರಿಗೆ ಅದಕ್ಕಿಂತ ಜಾಸ್ತಿ ಕೂರಿಸ್ಬೇಡಿ, ಬೇಕಿದ್ರೆ ಇನ್ನೊಂದು ದಿನ ಹೋಗಿ. ಮಧ್ಯದಲ್ಲಿ ಅವರು ಸುಮ್ನಾದ್ರೆ ನೀವೂ ಸುಮ್ನಿರಿ, ತಕ್ಷಣ ಇನ್ನೊಂದು ಪ್ರಶ್ನೆ ಎಸೆದ್ರೆ ಬರೋದೂ ಬರಲ್ಲ. ಇಬ್ಬರು ಒಂದೇ ಘಟನೆನ ಬೇರೆ ಬೇರೆ ತರ ಹೇಳಿದ್ರೆ ಪಂಚಾಯ್ತಿ ಮಾಡೋಕೆ ಹೋಗದೆ ಎರಡನ್ನೂ ಇಟ್ಕೊಳ್ಳಿ.

ಪ್ರಶ್ನೆ: ನಮ್ಮತ್ತೆ ಹೆಡ್‌ಮಿಸ್ ಆಗಿ ರಿಟೈರ್ ಆದೋರು. ಎಲ್ಲರೂ ದೇವತೆ ಅಂತ ಬರೀತಿದಾರೆ. ನನಗೂ ಅವರಿಗೂ ಹನ್ನೆರಡು ವರ್ಷ ಸರಿಹೋಗ್ಲಿಲ್ಲ, ಕೊನೆಗೆ ಹೇಗೋ ಹೊಂದ್ಕೊಂಡ್ವಿ. ಈಗ ನನಗೂ ಒಂದು ಪುಟ ಬರಿ ಅಂತಾರೆ. ಇದರ ಮೇಲೆ ಅವರ ಹಳೇ ಶಿಷ್ಯ ಒಬ್ಬರು ಫೋನ್ ಮಾಡಿ, ಲೆಕ್ಕ ತಪ್ಪಾಗಿದ್ದಕ್ಕೆ ಅವರ ಕೈಯಲ್ಲಿ ತಿಂದ ಹೊಡೆತ ಇವತ್ತಿಗೂ ಮರೆತಿಲ್ಲ ಅಂದ್ರು. ಇದನ್ನೆಲ್ಲ ಮುಚ್ಚಿಡೋದಾ? – ಹಿರೀ ಸೊಸೆ

ಉತ್ತರ: ಬಂದ ಪ್ರಶ್ನೆಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ನಿಮ್ಮದೇ. ಪುಸ್ತಕ ಓದೋರು ನಿಮ್ಮ ಪುಟಾನೇ ಮೊದಲು ನಂಬ್ತಾರೆ, ಬರೆದ್ರೆ.

ದೇವತೆ ಅಂತ ನೀವು ಬರೀಬೇಡಿ, ಹಾಗಂತ ಹನ್ನೆರಡು ವರ್ಷದ ಲೆಕ್ಕ ಚುಕ್ತಾ ಮಾಡೋ ಜಾಗವೂ ಅದಲ್ಲ, ತಿರುಗಿ ಉತ್ತರ ಕೊಡೋಕೆ ಅವರಿಲ್ಲ. ಒಂದು ಜಟಾಪಟಿ, ಬೇಕಿದ್ರೆ ಚಿಕ್ಕದು, ಅದು ಹೇಗೆ ಶುರುವಾಯ್ತು ಅವರು ಏನಂದ್ರು ನೀವು ಏನಂದ್ರಿ ಅಂತ ನಡೆದ ಹಾಗೇ ಬರೆದು, ಆಮೇಲೆ ಆ ಹೊಂದ್ಕೊಂಡಿದ್ದು ಯಾವತ್ತು ಹೇಗೆ ಅನ್ನೋದನ್ನ ಬರೀರಿ. ಆ "ಹೇಗೋ" ಅನ್ನೋ ಪದದ ಒಳಗೆ ಏನಿದೆ ಅಂತ ನನಗಂತೂ ಕುತೂಹಲ ಇದೆ. ಬರೆದ ಮೇಲೆ ಒಂದು ವಾರ ಪಕ್ಕಕ್ಕಿಟ್ಟು ಗಂಡನಿಗೆ ಓದಿಸಿ, ಅವರು ಮುಖ ಗಂಟಿಕ್ಕಿದ್ರೂ ಪರವಾಗಿಲ್ಲ, "ಹೌದು, ಹೀಗೇ ಇದ್ದಿದ್ದು" ಅಂದ್ರೆ ಹಾಕಿ.

ಇದರಿಂದ ಮಕ್ಕಳಿಗೆ ಕೆಟ್ಟ ಅಭಿಪ್ರಾಯ ಬರುತ್ತೆ ಅಂತ ಮನೇಲಿ ಯಾರಾದ್ರೂ ಅಂದ್ರೆ ಇದನ್ನ ಹೇಳಿ. ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್, ರಾಬಿನ್ ಫೈವುಷ್ ಅನ್ನೋ ಮನಶ್ಶಾಸ್ತ್ರಜ್ಞರು ಮಕ್ಕಳಿಗೆ ಮನೆತನದ ಬಗ್ಗೆ 20 ಪ್ರಶ್ನೆ ಕೇಳಿದ್ರು, ಅಜ್ಜ ಅಜ್ಜಿ ಎಲ್ಲಿ ಬೆಳೆದ್ರು ಗೊತ್ತಾ, ಮನೇಲಿ ಏನಾದ್ರೂ ಕೆಟ್ಟದ್ದು ನಡೆದಿದ್ದು ಗೊತ್ತಾ, ಇಂಥವು. ಜಾಸ್ತಿ ಗೊತ್ತಿದ್ದ ಮಕ್ಕಳಲ್ಲಿ ತಮ್ಮ ಬಗ್ಗೆ ಭರವಸೆಯೂ ಜಾಸ್ತಿ ಇತ್ತು. ಕಥೆ ಗೊತ್ತಿದ್ದಕ್ಕೇ ಭರವಸೆ ಬಂತು ಅಂತ ಅಲ್ಲ, ಕೂತು ಕಥೆ ಹೇಳೋ ಮನೆಗಳಲ್ಲಿ ಬೇರೆ ಒಳ್ಳೇದೂ ಇರುತ್ತಲ್ಲ. ಆದ್ರೆ ಡ್ಯೂಕ್ ಅವರು ಹೇಳೋ ಪ್ರಕಾರ ಮಕ್ಕಳಿಗೆ ಹೆಚ್ಚು ಬಲ ಕೊಡೋದು ಬರೀ ಏಳಿಗೆಯ ಕಥೆಯೂ ಅಲ್ಲ, ಬರೀ ಬಿದ್ದ ಕಥೆಯೂ ಅಲ್ಲ, ಎದ್ದು ಬಿದ್ದು ಮತ್ತೆ ಎದ್ದ ಕಥೆ. ದೇವತೆ ಕಥೆಯಲ್ಲಿ ಬೀಳೋದೇ ಇಲ್ವಲ್ಲ.

ಹೊಡೆತದ ವಿಷಯ ಸೂಕ್ಷ್ಮ. ಅದು ನಿಮ್ಮ ಕಥೆ ಅಲ್ಲ, ಅವರದ್ದು, ಅವರನ್ನ ಕೇಳದೆ ಹಾಕೋ ಹಾಗಿಲ್ಲ. ಅವರು ಹೆಸರು ಹಾಕದೆ ಬರೀತೀನಿ ಅಂದ್ರೆ ಅವರ ಮಾತಲ್ಲೇ ಬರಲಿ, ನೀವು ತಿದ್ಬೇಡಿ, ಕೆಳಗೆ "ಆ ಪೆಟ್ಟಿನಿಂದಲೇ ಇವತ್ತು ದೊಡ್ಡ ಮನುಷ್ಯರಾದ್ರು" ಅಂತ ಒಂದು ಸಾಲು ಅಂಟಿಸ್ಲೇಬೇಡಿ. ಆ ಕಾಲದಲ್ಲಿ ಕ್ಲಾಸಲ್ಲಿ ಕೋಲು ಇಟ್ಕೊಳ್ಳೋದು ಮಾಮೂಲಿ ಆಗಿತ್ತು, ಮಕ್ಕಳನ್ನ ಹೊಡೆಯೋದನ್ನ ಮನೇಲೂ ಸೇರಿಸಿ ಪೂರ್ತಿ ನಿಷೇಧ ಮಾಡಿದ ಮೊದಲ ದೇಶ ಸ್ವೀಡನ್, ಅದೂ 1979ರಲ್ಲಿ. ಕಾಲ ಹಾಗಿತ್ತು ಅಂತ ಬರೀಬಹುದು, ಆದ್ರೆ ಕಾಲ ಹಾಗಿತ್ತು ಅನ್ನೋದರಿಂದ ಹುಡುಗನಿಗೆ ನೋವು ಆಗ್ಲೇ ಇಲ್ಲ ಅಂತ ಆಗಲ್ಲ. ಅತ್ತೆ ಆಮೇಲೆ ಬದಲಾಗಿದ್ರಾ, ಯಾವತ್ತಾದ್ರೂ ಅದರ ಬಗ್ಗೆ ಮಾತಾಡಿದ್ರಾ ಅಂತ ಸಹೋದ್ಯೋಗಿಗಳನ್ನ ಕೇಳಿ, ಇದ್ರೆ ಸೇರಿಸಿ, ಇಲ್ದಿದ್ರೆ ಇಲ್ಲ.

ಪ್ರಶ್ನೆ: ಅಮ್ಮನ ಬೀರು ತೆಗೆದ್ರೆ ಪಾಠದ ಟಿಪ್ಪಣಿ, ಹಳೇ ಹಾಜರಿ ಪುಸ್ತಕ, ಶಿಷ್ಯರ ಪತ್ರ, ಅಂಟುಪುಟದ ಆಲ್ಬಮ್ಮು, ಕ್ಯಾಸೆಟ್ಟು. ತಮ್ಮ ಎಲ್ಲ ಲ್ಯಾಮಿನೇಟ್ ಮಾಡಿಸೋಣ ಅಂತಾನೆ. – ಕಿರಿಯ ಮಗಳು

ಉತ್ತರ: ತಮ್ಮನ್ನ ಅರ್ಜೆಂಟಾಗಿ ತಡೀರಿ. ಲ್ಯಾಮಿನೇಷನ್ ಮಾಡಿದ್ರೆ ಬಿಸಿ ಅಂಟು ಕಾಗದದ ಒಳಗೇ ಇಳಿಯುತ್ತೆ, ಆಮೇಲೆ ತೆಗೆಯೋಕೆ ಹೋದ್ರೆ ಕಾಗದ ಹಾಳಾಗೋದು ಗ್ಯಾರಂಟಿ. ಸೆಲೋಟೇಪೂ ಬೇಡ, ಹತ್ತಿಪ್ಪತ್ತು ವರ್ಷಕ್ಕೆ ಪ್ಲಾಸ್ಟಿಕ್ ಉದುರಿ ಹೋಗಿ ಹಳದಿ ಕಲೆ ಅಲ್ಲೇ ಉಳಿಯುತ್ತೆ. ಆ ಅಂಟುಪುಟದ ಆಲ್ಬಮ್ ಕೂಡ ಫೋಟೋಗೆ ಶತ್ರುನೇ, ಆದ್ರೆ ಕಿತ್ತು ತೆಗೆಯೋಕೆ ಹೋಗ್ಬೇಡಿ, ಹಲ್ಲಿನ ಮಧ್ಯೆ ಕ್ಲೀನ್ ಮಾಡೋ ಫ್ಲಾಸ್ ದಾರ ಇರುತ್ತಲ್ಲ, ಅದನ್ನ ಫೋಟೋ ಹಿಂದೆ ತೂರಿಸಿ ಗರಗಸ ಆಡಿಸಿದ ಹಾಗೆ ಮೆಲ್ಲಗೆ ಬಿಡಿಸಿ, ಬಿಡ್ತಿಲ್ಲ ಅಂದ್ರೆ ಪುಟದ ಸಮೇತ ಸ್ಕ್ಯಾನ್ ಮಾಡಿ ಹಾಗೇ ಬಿಟ್ಬಿಡಿ.

ಸ್ಕ್ಯಾನ್ ಮಾಡುವಾಗ ಚಿಕ್ಕ ಫೋಟೋ 600 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಲೆಕ್ಕ), ಕಾಗದ ಪತ್ರ 300 ಡಿಪಿಐ ಸಾಕು. ವಾಟ್ಸಾಪಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದ್ರೆ ಅದು ಕುಗ್ಗಿಸಿಬಿಡುತ್ತೆ, ಡಾಕ್ಯುಮೆಂಟ್ ಅಂತ ಅಟ್ಯಾಚ್ ಮಾಡಿ. ಮೂರು ಕಾಪಿ, ಎರಡು ಬೇರೆ ತರದ ಜಾಗ (ಒಂದು ಕಂಪ್ಯೂಟರ್, ಒಂದು ಪೆನ್‌ಡ್ರೈವ್ ಅನ್ನೋ ಹಾಗೆ), ಅದರಲ್ಲಿ ಒಂದು ಮನೆ ಹೊರಗೆ, ಇದು ಕಂಪ್ಯೂಟರ್‌ನೋರು ಹೇಳೋ ಹಳೇ ರೂಲು. ಅಸಲಿ ಫೋಟೋದ ಹಿಂದೆ ಅಂಚಲ್ಲಿ ಮೆತ್ತಗಿನ ಪೆನ್ಸಿಲ್‌ನಲ್ಲಿ ಎಡದಿಂದ ಬಲಕ್ಕೆ ಯಾರ್ಯಾರು ಅಂತ ಬರೀರಿ, ಗೊತ್ತಿರೋರು ಇರುವಾಗ್ಲೇ ಬರೆಸ್ಕೊಳ್ಳಿ. ಬಾಲ್‌ಪೆನ್ ಬೇಡ, ಮುಂದಕ್ಕೆ ಒತ್ತು ಮೂಡುತ್ತೆ. ಇಡೋದು ತೇವ ಇಲ್ಲದ, ಬಿಸಿಲು ಬೀಳದ ಕಡೆ, ಅಟ್ಟ ಆಗ್ಲಿ ಒದ್ದೆ ಗೋಡೆ ಪಕ್ಕದ ಬೀರು ಆಗ್ಲಿ ಬೇಡ. ಕ್ಯಾಸೆಟ್ಟಲ್ಲಿ ಅಮ್ಮನ ದನಿ ಇದೆ ಅಂದ್ರೆ ಅದನ್ನೇ ಮೊದಲು ಡಿಜಿಟಲ್ ಮಾಡಿಸಿ, ಟೇಪು ವರ್ಷ ವರ್ಷಕ್ಕೆ ಸೊರಗುತ್ತೆ, ಪ್ಲೇಯರ್‌ಗಳೂ ಸಿಗಲ್ಲ.

ಹಾಜರಿ ಪುಸ್ತಕ, ಮಾರ್ಕ್ಸ್ ಪಟ್ಟಿ ಮಾತ್ರ ಬೇರೆ ಕಥೆ. ಅವು ಸ್ಕೂಲಿನ ದಾಖಲೆ ಆಗಿದ್ರೆ ಸ್ಕೂಲಿಗೇ ಹೋಗ್ಬೇಕು. ಅಮ್ಮ ತಮಗೋಸ್ಕರ ಬರ್ಕೊಂಡಿದ್ದು ಅಂದ್ರೆ ಇಟ್ಕೊಳ್ಳಿ, ಆದ್ರೆ ಯಾವ ಹುಡುಗ ಯಾವ ವಿಷಯದಲ್ಲಿ ಡುಮ್ಕಿ ಹೊಡೆದ ಅಂತ ಪುಟದ ಫೋಟೋ ತೆಗೆದು ಗ್ರೂಪಿಗೆ ಹಾಕ್ಬೇಡಿ, ಆ ಹುಡುಗನಿಗೆ ಈಗ ಮೊಮ್ಮಕ್ಕಳಿರ್ತಾರೆ. ಶಿಷ್ಯರ ಪತ್ರಗಳೂ ಅಷ್ಟೇ, ಟೀಚರ್‌ಗೆ ಮಾತ್ರ ಹೇಳ್ಕೊಂಡ ಗುಟ್ಟು ಎಷ್ಟೋ ಇರುತ್ತೆ.

ಪ್ರಶ್ನೆ: ಅಜ್ಜಿ ಮೊಬೈಲಲ್ಲಿ ಅವರ ವಾಯ್ಸ್ ಮೆಸೇಜ್, ಫೋಟೋ ತುಂಬಾ ಇವೆ. ಸಿಮ್ ಕ್ಯಾನ್ಸಲ್ ಮಾಡಿದ್ರೆ ಹೋಗುತ್ತಾ?

ಉತ್ತರ: ಅವಸರ ಮಾಡ್ಬೇಡಿ. ಮೊದಲು ವಾಟ್ಸಾಪ್ ಚಾಟ್‌ಗಳನ್ನ ಮೀಡಿಯಾ ಸಮೇತ ಎಕ್ಸ್‌ಪೋರ್ಟ್ ಮಾಡ್ಕೊಳ್ಳಿ, ಆ ಅಕೌಂಟ್ ಸಾಮಾನ್ಯವಾಗಿ 120 ದಿನ ಬಳಸದೆ ಬಿಟ್ರೆ ಡಿಲೀಟ್ ಆಗುತ್ತೆ. ಗೂಗಲ್ ಅಕೌಂಟ್ 2 ವರ್ಷ ಯಾರೂ ಮುಟ್ಟದಿದ್ರೆ ಅಳಿಸಬಹುದು ಅನ್ನೋ ನಿಯಮ 2023ರ ಡಿಸೆಂಬರ್‌ನಿಂದ ಜಾರಿಗೆ ಬಂದಿದೆ, ಅದರ ಜೊತೆ ಫೋಟೋಗಳೂ ಹೋಗ್ತವೆ. ಫೇಸ್‌ಬುಕ್ ಪೇಜನ್ನ ಸ್ಮರಣೆಯ ಪೇಜ್ ಮಾಡಿ ಉಳಿಸ್ಕೊಳ್ಳಬಹುದು, ಅದಕ್ಕೆ ಸಾವಿನ ದಾಖಲೆ ಕೇಳ್ತಾರೆ. ನಿಮಗೆ ಅಜ್ಜಿ ಕಳಿಸಿದ್ದ "ಊಟ ಆಯ್ತಾ" ಅನ್ನೋ ಎಂಟು ಸೆಕೆಂಡಿನ ಮೆಸೇಜೂ ಬಿಡ್ಬೇಡಿ, ದೊಡ್ಡ ಭಾಷಣಕ್ಕಿಂತ ಅದನ್ನೇ ಮತ್ತೆ ಮತ್ತೆ ಕೇಳ್ತೀರ.

ಪ್ರಶ್ನೆ: ಅಮ್ಮ ಹೋಗಿ ವರ್ಷ ಆಗ್ತಾ ಬಂತು. ಅಷ್ಟು ಒಟ್ಟಿಗಿದ್ದೋರು ಈಗ ಯಾರೂ ಯಾರ ಮನೆಗೂ ಬರ್ತಿಲ್ಲ. ದೊಡ್ಡ ಮಗಳು ನೀನು, ನೀನೇ ಅಮ್ಮನ ಸ್ಥಾನದಲ್ಲಿ ನಿಂತು ಎಲ್ಲ ನೋಡ್ಕೋಬೇಕು ಅಂತ ತಮ್ಮಂದಿರು ಹೇಳ್ತಾರೆ. – ದೊಡ್ಡ ಮಗಳು

ಉತ್ತರ: ಹೇಳೋದು ಸುಲಭ, ಬಿಡಿ. ಕೆನಡಾದ ಸಮಾಜಶಾಸ್ತ್ರಜ್ಞೆ ಕ್ಯಾರೊಲಿನ್ ರೋಸೆಂತಾಲ್ 1985ರಲ್ಲೇ ಇದರ ಬಗ್ಗೆ ಬರೆದಿದಾರೆ, ನೆಂಟಸ್ತಿಕೆ ಉಳಿಸೋದೂ ಒಂದು ಕೆಲಸ, ಬಹಳ ಮನೆಗಳಲ್ಲಿ ಅದನ್ನ ಒಬ್ಬರೇ ಮಾಡ್ತಿರ್ತಾರೆ, ಆ ಒಬ್ಬರು ಹೆಚ್ಚಾಗಿ ಹೆಂಗಸೇ ಆಗಿರ್ತಾರೆ ಅಂತ. ನಿಮ್ಮಮ್ಮ ಮನೆತನಕ್ಕೆ ದಿನಾ ಹಾಜರಿ ಕರೀತಿದ್ರು, ಕ್ಲಾಸಲ್ಲಿ ಕರೆದ ಹಾಗೇ. ಯಾರು ಎರಡು ವಾರದಿಂದ ಫೋನ್ ಮಾಡಿಲ್ಲ, ಯಾರಿಗೆ ಹುಷಾರಿಲ್ಲ, ಯಾರಿಗೆ ಯಾರ ಮೇಲೆ ಮುನಿಸು, ಯಾರ ಮಗನ ಪರೀಕ್ಷೆ ಯಾವತ್ತು, ಎಲ್ಲ ಅವರ ತಲೇಲಿ ಇರ್ತಿತ್ತು, ಅದನ್ನ ನೀವೆಲ್ಲ ಪ್ರೀತಿ ಅಂದ್ಕೊಂಡ್ರಿ, ಪ್ರೀತಿ ಹೌದು, ಜೊತೆಗೆ ರಿಟೈರ್ಮೆಂಟ್ ಇಲ್ಲದ ದುಡಿಮೆ ಅದು.

ಆ ಪೂರ್ತಿ ಭಾರ ನೀವೊಬ್ಬರೇ ಹೊರಬೇಡಿ. ಅಮ್ಮ ಏನೇನ್ ಮಾಡ್ತಿದ್ರು ಅಂತ ತಮ್ಮಂದಿರನ್ನ ಕೂರಿಸ್ಕೊಂಡೇ ಪಟ್ಟಿ ಮಾಡಿ, ಪಟ್ಟಿ ಉದ್ದ ನೋಡೇ ಅರ್ಧ ತೆಪ್ಪಗಾಗ್ತಾರೆ. ಹುಟ್ಟುಹಬ್ಬಕ್ಕೆ ಫೋನ್ ಮಾಡೋದು ಒಬ್ಬನ ಪಾಲು, ವರ್ಷಕ್ಕೊಂದ್ಸಲ ಎಲ್ಲರನ್ನ ಸೇರಿಸೋದು ಇನ್ನೊಬ್ಬನ ಪಾಲು, ವಯಸ್ಸಾದ ಸೋದರತ್ತೇನ ತಿಂಗಳಿಗೊಂದ್ಸಲ ನೋಡ್ಕೊಂಡು ಬರೋದು ಮೊಮ್ಮಗನ ಪಾಲು. ರಾಜಿ ಪಂಚಾಯ್ತಿ ಮಾತ್ರ ಯಾರಿಗೂ ಕೊಡ್ಬೇಡಿ, ಅಮ್ಮನ ಮುಂದೆ ತಲೆ ತಗ್ಗಿಸ್ತಿದ್ದೋರು ನಿಮ್ಮ ಮುಂದೆ ತಗ್ಗಿಸಲ್ಲ, ಸುಮ್ನೆ ನೀವು ಕೆಟ್ಟೋರಾಗ್ತೀರ. ಕೆಲವು ಮನೆಗಳು ಮೊದಲಿನ ಹಾಗೆ ಮತ್ತೆ ಸೇರಲ್ಲ, ಅದನ್ನೂ ಒಪ್ಕೋಬೇಕು.

ಪ್ರಶ್ನೆ: ಏಳು ತಿಂಗಳಾಯ್ತು. ಅಮ್ಮನ ಜೊತೆ ಈಗ್ಲೂ ಮನಸ್ಸಲ್ಲೇ ಮಾತಾಡ್ತೀನಿ, ಏನಾದ್ರೂ ಬರೆದ್ರೆ ತಪ್ಪು ಹುಡುಕ್ತಾರೆ ಅನ್ಸುತ್ತೆ. ಗೆಳತಿ ನೋಡಿದ್ರೆ ದುಃಖದ ಐದು ಹಂತ ದಾಟಿ ಹೊರಗೆ ಬರಬೇಕು ಅಂತಾಳೆ.

ಉತ್ತರ: ಆ ಐದು ಹಂತ, ಅಂದ್ರೆ ನಂಬದೇ ಇರೋದು, ಸಿಟ್ಟು, ಚೌಕಾಶಿ, ಖಿನ್ನತೆ, ಒಪ್ಕೊಳ್ಳೋದು, ಎಲಿಸಬೆತ್ ಕ್ಯೂಬ್ಲರ್-ರಾಸ್ ಅನ್ನೋ ಡಾಕ್ಟರ್ 1969ರಲ್ಲಿ ಬರೆದದ್ದು, ಅವರು ಮಾತಾಡಿಸಿದ್ದು ಸಾವಿನ ಹಾಸಿಗೇಲಿದ್ದ ರೋಗಿಗಳನ್ನ, ಉಳಿದೋರ ದುಃಖಕ್ಕೆ ಅದನ್ನ ಹಚ್ಚಿದ್ದು ಆಮೇಲೆ. ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ದಾಟಬೇಕು ಅಂತೇನೂ ಇಲ್ಲ. ಹೋದೋರ ಜೊತೆ ಸಂಬಂಧ ಕಡ್ಕೊಳ್ಳದೆ ಬೇರೆ ತರದಲ್ಲಿ ಇಟ್ಕೊಂಡೇ ಬದುಕು ನಡೆಸೋದು ಸಹಜ ಅಂತ 1996ರಿಂದೀಚೆಗೆ ಈ ಕ್ಷೇತ್ರದ ಬಹಳ ಜನ ಹೇಳ್ತಾ ಬಂದಿದಾರೆ. ಮಾತಾಡಿ, ತಪ್ಪು ತಿದ್ದಿಸ್ಕೊಳ್ಳಿ. ಆದ್ರೆ ನಿದ್ದೆ, ಊಟ, ಕೆಲಸ ಯಾವುದೂ ನಡೀತಿಲ್ಲ, ತಿಂಗಳುಗಟ್ಟಲೆ ಒಂಚೂರೂ ಹಗುರ ಆಗ್ತಿಲ್ಲ, ಬದುಕೇ ಬೇಡ ಅನ್ಸುತ್ತೆ ಅಂದ್ರೆ ಮಾತ್ರ ತಡ ಮಾಡದೆ ಮನೋವೈದ್ಯರನ್ನ ಕಾಣಿ, ಅದಕ್ಕೆ ಚಿಕಿತ್ಸೆ ಇದೆ.

ಪ್ರಶ್ನೆ: ಮುತ್ತಜ್ಜಿ ಎಲ್ಲಿ ಅಂತ ಐದು ವರ್ಷದ ಮಗ ಕೇಳ್ತಾನೆ, ಮಲಗಿದಾರೆ ಅಂತ ಹೇಳಿದೀವಿ.

ಉತ್ತರ: ಹಾಗೆ ಹೇಳಿದ್ರೆ ಮಗು ಮಲಗೋಕೇ ಹೆದರಬಹುದು. ಸತ್ತು ಹೋದ್ರು, ಮೈ ಕೆಲಸ ಮಾಡೋದು ನಿಲ್ಲಿಸ್ತು, ವಾಪಸ್ ಬರಲ್ಲ ಅಂತ ನೇರವಾಗಿ, ಪಕ್ಕದಲ್ಲಿ ಕೂರಿಸ್ಕೊಂಡು ಹೇಳಿ. ಮತ್ತೆ ಕೇಳ್ತಾನೆ, ಮತ್ತೆ ಅದೇ ಹೇಳಿ. ಪುಸ್ತಕ ಮಾಡ್ತಿದ್ರೆ ಅವನು ಬರೆದ ಮುತ್ತಜ್ಜಿ ಚಿತ್ರಕ್ಕೆ ಒಂದು ಪುಟ ಕೊಡಿ, ಮೂಗು ಕಣ್ಣು ಎಲ್ಲೆಲ್ಲೋ ಇದ್ರೂ ಸರಿನೇ.

ಪ್ರಶ್ನೆ: ಇವರೆಲ್ಲ ಹೋದ ಮೇಲೆ ಬರೀತಿದಾರೆ. ನಮ್ಮಜ್ಜಿಗೆ 84, ರಿಟೈರ್ಡ್ ಟೀಚರ್, ಗಟ್ಟಿಯಾಗಿದಾರೆ. ಈಗ್ಲೇ ಅವರ ಕಥೆ ಬರ್ಕೋತೀನಿ ಅಂದ್ರೆ ಅಮ್ಮ "ಅಪಶಕುನ" ಅಂತ ಬೈತಾರೆ. – ಮೊಮ್ಮಗ

ಉತ್ತರ: ಅಮ್ಮನ್ನ ಕೇಳ್ಬೇಡ, ಅಜ್ಜಿನ ಕೇಳು. ವಯಸ್ಸಾದೋರು ಹಳೇದನ್ನೇ ಹೇಳ್ತಿರೋದು ಅರಳುಮರಳು ಅಂತ ತಳ್ಳಿ ಹಾಕ್ತಿದ್ದ ಕಾಲದಲ್ಲಿ, ಅದು ಬದುಕನ್ನ ತಿರುಗಿ ನೋಡ್ಕೊಳ್ಳೋ ಸಹಜ ಕೆಲಸ ಅಂತ 1963ರಲ್ಲಿ ಬರೆದೋರು ರಾಬರ್ಟ್ ಬಟ್ಲರ್ ಅನ್ನೋ ಮನೋವೈದ್ಯರು. ಆಮೇಲೆ ಕೆನಡಾದ ಹಾರ್ವೆ ಚೊಚಿನೋವ್ ಅನ್ನೋ ಡಾಕ್ಟರ್ ಕೊನೇ ದಿನಗಳಲ್ಲಿರೋ ರೋಗಿಗಳನ್ನ ಮಾತಾಡಿಸಿ, ಆ ಮಾತನ್ನ ಬರೆದು ಅವರಿಗೇ ಓದಿ ಹೇಳಿ, ತಿದ್ದಿಸಿ, ಮನೆಯೋರಿಗೆ ಕೊಡೋ ಹಾಗೆ ಅವರ ಕೈಗಿಡೋ ಒಂದು ಪದ್ಧತಿನೇ ಮಾಡಿದ್ರು. ಅದರಲ್ಲಿ ನಿನಗೆ ಬೇಕಾಗಿರೋದು ಆ ತಿದ್ದಿಸೋ ಭಾಗ. ಹೋದೋರ ಬಗ್ಗೆ ಬರೆಯುವಾಗ ನಾವು ಹೇಳಿದ್ದೇ ಕೊನೆ, ಇದ್ದೋರ ಬಗ್ಗೆ ಬರೆದ್ರೆ "ಇದು ಹಾಗಲ್ಲ ಕಣೋ" ಅಂತ ಹೇಳೋ ಹಕ್ಕು ಅವರಿಗಿರುತ್ತೆ, ಆ "ಹಾಗಲ್ಲ ಕಣೋ" ಆದ ಮೇಲೆ ಬರೋದೇ ಅಸಲಿ ಕಥೆ.

ಹೊತ್ತು ಅವರೇ ಹೇಳಲಿ, ಬೆಳಿಗ್ಗೆ ಹೊತ್ತು ವಯಸ್ಸಾದೋರು ಚುರುಕಾಗಿರ್ತಾರೆ. ಶಿಷ್ಯರ ಬಗ್ಗೆ ಕೇಳು, ಜಾಣರ ಬಗ್ಗೆ ಬೇಡ, ತಲೆಹರಟೆಗಳ ಬಗ್ಗೆ, ಅರ್ಧಕ್ಕೆ ಸ್ಕೂಲ್ ಬಿಟ್ಟೋರ ಬಗ್ಗೆ. ಬರೆದಿದ್ದನ್ನ ದೊಡ್ಡ ಅಕ್ಷರದಲ್ಲಿ, 16 ಪಾಯಿಂಟಿಗಿಂತ ಕಮ್ಮಿ ಇಲ್ಲದ ಹಾಗೆ, ಸಾಲಿನ ಮಧ್ಯೆ ಜಾಗ ಬಿಟ್ಟು, ಅಂಚು ಅಗಲವಾಗಿ ಇಟ್ಟು ಪ್ರಿಂಟ್ ತೆಗೆದು ಕೊಡು, ಪೆನ್ನೂ ಕೊಡು. ಒತ್ತಕ್ಷರ ತಿದ್ದೋದರಲ್ಲೇ ಮೊದಲ ದಿನ ಕಳೆಯುತ್ತೆ, ಬೇಜಾರಾಗ್ಬೇಡ, ಎರಡನೇ ದಿನ ವಿಷಯಕ್ಕೆ ಬರ್ತಾರೆ. ಯಾವುದಾದ್ರೂ ಒಂದು ಘಟನೆ ಹೇಳಿ ಆಮೇಲೆ ಇದು ಬೇಡ ತೆಗೆದುಬಿಡು ಅಂದ್ರೆ ಯಾಕೆ ಏನು ಅಂತ ಕೇಳದೆ ತೆಗೆದುಬಿಡು, ರೆಕಾರ್ಡಿಂಗಿಂದಲೂ ತೆಗೆ.